ಎಂತಕ್ಕಾದ್ರೂ ಬೇಕಾಗ್ತು

ಆಷಾಢದ ಮಳೆ ಹಿಡಿದು ಕುಳಿತ ಮೇಲೆ ಶಿರಸಿಯ ಮನೆಗಳಲ್ಲಿ ಬೂಷ್ಟು ಬರದ ವಸ್ತು ಅಂತ ಇರುವುದಿಲ್ಲ. ಚಪ್ಪಲಿಗೆ ಬರುತ್ತದೆ, ಬೆಲ್ಟಿಗೆ ಬರುತ್ತದೆ, ಮದುವೆ ಆಲ್ಬಮ್ಮಿನಲ್ಲಿ ಮಾವನವರ ಮುಖಕ್ಕೇ ಬರುತ್ತದೆ. ಅದಕ್ಕೆಲ್ಲ ಹೊಂದಿಕೊಂಡಿದ್ದೇನೆ. ಈ ವರ್ಷ ಶೋಕೇಸಿನ ಬಾಟಲಿಗೂ ಬಂತು. ಗಾಜಿಗೆಲ್ಲಿಯ ಬೂಷ್ಟು ಎಂದು ವಾದಿಸಬೇಡಿ. ಈ ಗಾಜು ಮೈತುಂಬ ಸೆಣಬಿನ ದಾರ ಸುತ್ತಿಕೊಂಡಿದೆ.

ಮನೆ ಒಕ್ಕಲಿಗೆ ತಂಗಿಯ ಮಗಳು ಬೆಂಗಳೂರಿನಿಂದ ತಂದುಕೊಟ್ಟದ್ದು. 'ವೇಸ್ಟಿಂದ ಮಾಡಿದ್ದು ಮಾವಾ, ಖರ್ಚೇ ಇಲ್ಲೆ' ಅಂದಳು. ನಾನು ಸುಮ್ಮನಿರಬೇಕಿತ್ತೋ ಏನೋ, ವಿಚಾರಿಸಿದೆ. ದಾರ ತರಿಸಿದ್ದು. ಅಂಟು ಕರಗಿಸುವ ಗನ್ನು ತರಿಸಿದ್ದು. ಬಣ್ಣ, ಬ್ರಷ್ಷು, ಬಂಗಾರದ ಬಣ್ಣದ ಹಾಳೆ, ಎಲ್ಲ ತರಿಸಿದ್ದು. ಮೇಲೆ ಅಂಟಿಸಿದ ಕರಟದ ಹೂವುಗಳೂ ಪ್ಯಾಕೆಟ್ಟಿನಲ್ಲಿ ಬಂದವಂತೆ. ಕರಟ! ನಮ್ಮ ಬಚ್ಚಲ ಒಲೆಗೆ ದಿನಾ ಬೆಳಿಗ್ಗೆ ತುಂಬುವ ಕರಟ! ಪುಕ್ಕಟೆ ಸಿಕ್ಕಿದ್ದು ಬಾಟಲಿಯೊಂದೇ. ಅದು ಯಾವುದರ ಬಾಟಲಿ ಎಂಬುದು ಎಷ್ಟು ದಾರ ಸುತ್ತಿದರೂ ಕುತ್ತಿಗೆಯ ಆಕಾರದಿಂದಲೇ ತಿಳಿದವರಿಗೆ ತಿಳಿಯುತ್ತದೆ. ಅಡಿಕೆ ನೋಡಲು ಬಂದವರೊಬ್ಬರು ಅದನ್ನೆತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, 'ಖಾಲೀನೇನ್ರೀ?' ಎಂದು ಕೇಳಿದರು.

ಅಂಗಡಿಯ ಉಡುಗೊರೆಯಲ್ಲಿ ಒಂದು ಅನುಕೂಲವಿದೆ. ಗೋಡೆ ಗಡಿಯಾರ ಬಂದರೆ ಮುಂದಿನ ಮದುವೆಗೆ ದಾಟಿಸಬಹುದು. ನಮ್ಮ ಕಡೆಯ ಎಷ್ಟೋ ಗಡಿಯಾರಗಳು ಡಬ್ಬಿಯಿಂದ ಹೊರಬರದೆ ಕುಮಟೆಗೆ ಘಟ್ಟ ಇಳಿದು, ಯಲ್ಲಾಪುರಕ್ಕೆ ಹತ್ತಿ, ಸಿದ್ದಾಪುರದ ಉಪನಯನವೊಂದರಲ್ಲಿ ಕೊಟ್ಟವರ ಕೈಗೇ ಮರಳಿವೆ. ಯಾರಿಗೂ ನೋವಿಲ್ಲ. ಕೈಯಾರೆ ಮಾಡಿದ್ದನ್ನು ಹಾಗೆ ದಾಟಿಸುವಂತಿಲ್ಲ, ಒಗೆಯುವಂತಿಲ್ಲ, ಅಟ್ಟಕ್ಕೆ ಹಾಕುವಂತಿಲ್ಲ. 'ಎಲ್ಲಿಟ್ಟಿದ್ದಿ ಮಾವಾ, ಒಂದ್ ಫೋಟೋ ಕಳ್ಸಿ' ಎಂದು ಮಾಡಿದವರು ಕೇಳುತ್ತಾರೆ. ಕೊಟ್ಟವರು ಖರ್ಚು ಉಳಿಸಿದರು. ಧೂಳು ಒರೆಸುವ ಕೆಲಸ ನನ್ನ ಪಾಲಿಗೆ.

ಹಾಗಂತ ರದ್ದಿಯಿಂದ ಅಲಂಕಾರ ಮಾಡುವುದು ಬೆಂಗಳೂರಿನವರ ಆವಿಷ್ಕಾರ ಎಂದುಕೊಳ್ಳಬೇಡಿ. ನಮ್ಮ ದೊಡ್ಡಾಯಿ ಇದ್ದಳು. ಹಳೆಯ ಲಗ್ನಪತ್ರಿಕೆ, ಔಷಧಿ ಬಾಟಲಿಯ ಮುಚ್ಚಳ, ಹರಿದ ಕೊಡೆಯ ಬಟ್ಟೆ, ಯಾವುದನ್ನು ಎಸೆಯಹೋದರೂ 'ಇರ್ಲಿ, ಎಂತಕ್ಕಾದ್ರೂ ಬೇಕಾಗ್ತು' ಎಂದು ಕಸಿದುಕೊಳ್ಳುತ್ತಿದ್ದಳು. ಅವಳ ಜೀವಮಾನದ ಸಾಧನೆ ಬಳೆಚೂರಿನ ತೋರಣ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂತೆಂದರೆ ಬಿಡಕಿಬೈಲಿನ ಸುತ್ತ ಬಳೆ ಅಂಗಡಿಗಳ ಸಾಲು. ಫಿರೋಜಾಬಾದಿನಿಂದ ಅಷ್ಟು ದೂರ ಒಡೆಯದೆ ಬಂದ ಬಳೆ ನಮ್ಮೂರ ಹೆಂಗಸರ ಕೈ ಏರುವಾಗ ಪಟಪಟ ಒಡೆಯುತ್ತಿತ್ತು. ದೊಡ್ಡಾಯಿ ತಾನು ತೊಟ್ಟಿದ್ದಕ್ಕೆ ಚೌಕಾಸಿ ಮಾಡಿ, ಆಮೇಲೆ ಬಳೆಗಾರನ ಕಾಲಬುಡದ ಚೂರುಗಳನ್ನೂ ಬಳಿದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಅವನು ಇವಳಿಗೆ ತಲೆ ಸರಿ ಇಲ್ಲ ಎಂಬಂತೆ ನೋಡುತ್ತಿದ್ದ.

ರಾತ್ರಿ ಊಟವಾದ ಮೇಲೆ ಕೆಲಸ ಶುರು. ಮೊಂಬತ್ತಿಯ ಜ್ವಾಲೆಗೆ ಚೂರಿನ ನಡುಭಾಗ ಹಿಡಿಯಬೇಕು. ಗಾಜು ಕೆಂಪಾಗಿ ಮೆತ್ತಗಾದ ಗಳಿಗೆಯಲ್ಲಿ ಎರಡು ತುದಿಗಳನ್ನು ಬಗ್ಗಿಸಿ, ಹಿಂದಿನ ಕೊಂಡಿಯೊಳಗೆ ತೂರಿಸಿ ಕೂಡಿಸಬೇಕು. ಗಾಜು ಮೆತ್ತಗಾಗಲು ಹತ್ತಿರ ಹತ್ತಿರ 700 ಡಿಗ್ರಿ ಶಾಖ ಬೇಕು; ಮೊಂಬತ್ತಿಯ ಜ್ವಾಲೆಯಲ್ಲಿ ಅಷ್ಟಿದೆ ಎಂಬುದಕ್ಕೆ ಅವಳ ಬೆರಳುಗಳೇ ಸಾಕ್ಷಿ. ಆ ಹೊತ್ತಿನಲ್ಲಿ ಮಕ್ಕಳು ಸೀನಕೂಡದು, ದೊಡ್ಡಪ್ಪ ಫ್ಯಾನು ಹಾಕಕೂಡದು. ದೊಡ್ಡಪ್ಪ ಇಡೀ ಚೈತ್ರ, ವೈಶಾಖ ಅಡಿಕೆ ಹಾಳೆಯಲ್ಲಿ ಗಾಳಿ ಹಾಕಿಕೊಂಡು ಕಳೆದ.

ತೋರಣ ದೇವರ ಕೋಣೆಯ ಬಾಗಿಲಿಗೆ ಏರಿತು. ಹಸಿರು, ಕೆಂಪು, ನಡುವೆ ಚುಕ್ಕಿಬಳೆ, ಗಾಳಿಗೆ ಕಿಣಿಕಿಣಿ. ಚಂದವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಉದ್ದವಾಗಿತ್ತು. ಕುಳ್ಳಗಿನ ದೊಡ್ಡಾಯಿ ತನ್ನ ತಲೆಯ ಅಳತೆಗೆ ಕಟ್ಟಿದ್ದಳು. ಚೌತಿಯ ದಿನ ಭಟ್ರು ಅಡುಗೆಮನೆಯಿಂದ ನೈವೇದ್ಯದ ಪಾತ್ರೆ ಹಿಡಿದು, ಮಂತ್ರ ಹೇಳುತ್ತ, ಬಗ್ಗಿ ಒಳಹೊಕ್ಕರು. ತಲೆ ಎತ್ತಿದಾಗ ಜುಟ್ಟು ತೋರಣಕ್ಕೆ ಸಿಕ್ಕಿಕೊಂಡಿತು. ಮುಂದೆ ಹೋದರೆ ಜುಟ್ಟು ಹೋಗುತ್ತದೆ, ಹಿಂದೆ ಬಂದರೆ ತೋರಣ ಹೋಗುತ್ತದೆ, ಮಡಿಯಲ್ಲಿರುವವರನ್ನು ನಾವು ಮುಟ್ಟುವಂತಿಲ್ಲ, ನೈವೇದ್ಯ ನೆಲಕ್ಕಿಡುವಂತಿಲ್ಲ. 'ಭಟ್ರೇ ಎಳೆಯಡಿ, ಎಳೆಯಡಿ!' ಎಂದು ದೊಡ್ಡಾಯಿ ಕೂಗುತ್ತ ಬಂದಳು. ಅವರ ಕೂದಲ ಮೇಲೆ ಅವಳಿಗೆ ಎಂಥ ಕಾಳಜಿ ಎಂದು ಭಟ್ರಿಗೆ ಕ್ಷಣಕಾಲ ಅನ್ನಿಸಿರಬೇಕು. ಚೂರು ಒಡೆದು ಬಿಡಿಸೋಣ ಎಂದ ದೊಡ್ಡಪ್ಪನನ್ನು ಅವಳು ನೋಡಿದ ರೀತಿಗೆ ಅವನು ಜಗಲಿಗೆ ಹೋಗಿ ಕುಳಿತ. ಕೊನೆಗೆ ದೇವರ ದೀಪಕ್ಕಿಟ್ಟ ಕೊಬ್ಬರಿ ಎಣ್ಣೆಯನ್ನು ಮೇಲಿನಿಂದ ಹನಿಸಿ, ಕೂದಲನ್ನು ಎಳೆ ಎಳೆಯಾಗಿ ಜಾರಿಸಿದರು. ಗಣಪತಿ ಪಂಚಕಜ್ಜಾಯಕ್ಕೆ ಅಷ್ಟೊತ್ತು ಕಾದ. ಮರುವರ್ಷ ಭಟ್ರು ತಮ್ಮ ಮಗನನ್ನು ಕಳಿಸಿದರು. ಅವನದ್ದು ಕ್ರಾಪು.

ನಾನು ಹೇಳಹೊರಟದ್ದು ಇಷ್ಟೆ: ದೊಡ್ಡಾಯಿ ಅದನ್ನು ಯಾರಿಗೂ ಉಡುಗೊರೆ ಕೊಡಲಿಲ್ಲ. ತನ್ನ ಬಾಗಿಲಿಗೆ ಕಟ್ಟಿಕೊಂಡು, ಬೇಕಾದವರು ತಗ್ಗಿ ಬನ್ನಿ ಅಂದಳು. ಈ ಧಾರ್ಷ್ಟ್ಯ ನನಗೆ ಇಷ್ಟ.

ಕೊಡಲೇಬೇಕೆಂದರೆ ನಮ್ಮ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಿದೆ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತ ಹೊಲಿಯುತ್ತ ಹೋಗಿ, ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆ ನೋಡಬಹುದು. ಅದಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕು, ಅದೂ ಚೌಕಾಸಿ ಮಾಡದೆ. ಮಳೆಗಾಲದಲ್ಲಿ ಹೊದೆಯಲು ಅದರಷ್ಟು ಬೆಚ್ಚಗಿನದಿಲ್ಲ. ಒಗೆದರೆ ದೀಪಾವಳಿಯವರೆಗೆ ಒಣಗುವುದಿಲ್ಲ ಎಂಬುದು ಬೇರೆ ಮಾತು.

ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಅವಳು ಖಾಲಿ ಜಾಮಿನ ಶೀಶೆ ತೊಳೆಯುತ್ತ, ಯೂಟ್ಯೂಬಿನಲ್ಲಿ ಇದಕ್ಕೆ ದೀಪ ಮಾಡುವುದು ತೋರಿಸಿದ್ದಾರೆ, ಮುಂದಿನ ತಿಂಗಳು ನಿಮ್ಮ ತಂಗಿಯ ಮನೆಗೆ ಒಯ್ಯಬಹುದು ಎಂದಳು. ತಕರಾರಿಲ್ಲ, ಅವರ ಮನೆಯಲ್ಲಿ ಶೋಕೇಸು ದೊಡ್ಡದಿದೆ. ಅಟ್ಟದ ಮೇಲಿನ ಶೀಶೆಗಳನ್ನು ಬೇಕಾದವರು ಬಂದು ಒಯ್ಯಬಹುದು. ಉಪ್ಪಿನಕಾಯಿ ಭರಣಿಗಳನ್ನು ಮಾತ್ರ ಯಾರೂ ಮುಟ್ಟಕೂಡದು, ಅದರಲ್ಲಿ ಅಪ್ಪೆಮಿಡಿಯಿದೆ.