ಜಕ್ಕೂರು ಕೆರೆಯನ್ನೂ ಸೇರಿಸಿಕೊಳ್ಳಿ

ಆಫೀಸಿನವರ ಜೊತೆ ನಡೆಯೋಕೆ ನಂದಿಬೆಟ್ಟ, ಸ್ಕಂದಗಿರಿಯೇ ಆಗಬೇಕಿಲ್ಲ, ಬೆಂಗಳೂರಿನೊಳಗೇ ಜಾಗಗಳಿವೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ನಮ್ಮ ಟೀಮಿನ ಒಂಬತ್ತು ಜನ ಕಳೆದ ತಿಂಗಳು ಜಕ್ಕೂರು ಕೆರೆ ಸುತ್ತಿದೆವು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ನಿಂತವರು ನಾವು. ಇಷ್ಟು ಹತ್ತಿರದಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಇವೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ!

ಎಲ್ಲರೂ ಹಕ್ಕಿ ಫೋಟೋದ ಹಿಂದೆ ಬಿದ್ದರು. ನನಗೆ ಹಿಡಿಸಿದ್ದು ಕೆರೆಯ ತಲೆಭಾಗದ ಜೊಂಡು. ಕೊಳಚೆ ನೀರು ಮೊದಲು ಪಕ್ಕದ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ಅಲ್ಲಿಂದ ಹೊರಟದ್ದು ಈ ಜೊಂಡಿನ ನಡುವೆ ನಿಧಾನವಾಗಿ ಹರಿದು ಕೆರೆ ಸೇರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕವನ್ನು ಗಿಡಗಳೂ ಬೇರಿಗಂಟಿದ ಸೂಕ್ಷ್ಮಾಣುಗಳೂ ಒಂದಷ್ಟು ಹೀರಿಕೊಳ್ಳುತ್ತವೆ. ಕರೆಂಟ್ ಬಿಲ್ಲೇ ಇಲ್ಲದ ಫಿಲ್ಟರ್, ಅಲ್ವಾ?

ಅಲ್ಲೇ ಬುಡದಲ್ಲಿ ಒಂದು ಜಂಬುಕೋಳಿ. ನೀಲಿ ಮೈ, ಕೆಂಪು ಕೊಕ್ಕು. ಜೊಂಡಿನ ಕಾಂಡವನ್ನು ಕಾಲಿನ ಉದ್ದ ಬೆರಳುಗಳಲ್ಲಿ ಹಿಡಿದೆತ್ತಿ ಸಿಗಿಯುತ್ತಿತ್ತು, ಥೇಟ್ ಕಬ್ಬು ತಿನ್ನುವ ಹುಡುಗನ ಹಾಗೆ. ನಮ್ಮ ಮ್ಯಾನೇಜರ್ ಹತ್ತು ನಿಮಿಷ ಸುಮ್ನೆ ನಿಂತು ನೋಡಿದರು. ಮೀಟಿಂಗಿನಲ್ಲಿ ಇಂಥದ್ದು ಯಾವತ್ತೂ ಆಗಿಲ್ಲ ಬಿಡಿ.

ಒಂದೇ ತಕರಾರು. ಮೂವತ್ತು ನಲವತ್ತು ಜನರ ಗುಂಪು ಕಟ್ಟಿ ಎನ್ನುತ್ತೀರಲ್ಲ, ಅದು ಬೇಡ. ನಮ್ಮಲ್ಲೊಬ್ಬ ಸ್ಪೀಕರ್ ತಂದಿದ್ದ. ಒಂದು ಹಾಡಿಗೇ ಬೆಳ್ಳಕ್ಕಿಗಳೆಲ್ಲ ಆಚೆ ದಡಕ್ಕೆ ಹೋದವು. ಹತ್ತು ಜನಕ್ಕಿಂತ ಜಾಸ್ತಿ ಆದರೆ ಅದು ಪಿಕ್‌ನಿಕ್ಕೇ.

ಜಕ್ಕೂರಿನ ಕೋಡಿ ನೀರು ಕೆಳಗಿನ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಮುಂದಿನ ಸಲ ನಾವೂ ಅದೇ ದಿಕ್ಕಿಗೆ. ತಿಂಡಿ ಮಾತ್ರ ಹೋಗುವ ಮೊದಲೇ ಮುಗಿಸಬೇಕು, ಹಸಿದ ಟೆಸ್ಟಿಂಗ್ ಟೀಮನ್ನು ಸಂಭಾಳಿಸೋದು ಕಷ್ಟ.