ಸಪ್ತಾಪುರದಲ್ಲಿ ಎಲ್‌ಎಲ್‌ಆರ್

ಧಾರವಾಡದ ಸಪ್ತಾಪುರದಲ್ಲಿ ಪುಸ್ತಕ ಹಿಡಿದು ನಡೆಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಊರೂರಿನಿಂದ ಬಂದ ಹುಡುಗರು ಚಹಾದ ಗ್ಲಾಸಿನ ಪಕ್ಕದಲ್ಲೂ ಸಂವಿಧಾನವನ್ನು ಹರಡಿಕೊಂಡು ಕೂತಿರುತ್ತಾರೆ. ಅಂಥ ಕಡೆ, ಝೆರಾಕ್ಸ್ ಅಂಗಡಿಯಲ್ಲಿ ಸಂಚಾರ ಚಿಹ್ನೆಗಳ ಪುಟ್ಟ ಪುಸ್ತಕ ಕೇಳಿದಾಗ ಅಂಗಡಿಯ ಹುಡುಗ, "ಯಾವ ಪರೀಕ್ಷೆ ಸರ್?" ಎಂದ. "ಎಲ್‌ಎಲ್‌ಆರ್" ಎಂದೆ. ಗಾಡಿ ಕಲಿಯುವವರಿಗೆ ಕೊಡುವ ಲೈಸೆನ್ಸ್ ಅದು; ಯಾವ ಇಲಾಖೆಯ ಹುದ್ದೆಯೆಂದು ಅವನು ಒಂದು ಕ್ಷಣ ಯೋಚಿಸಿದಂತೆ ಕಂಡಿತು.

ನನಗೆ ಐವತ್ತೆರಡು. ಇಷ್ಟು ದಿನ ಸೈಕಲ್ಲಿನಲ್ಲಿ, ಆಮೇಲೆ ಚಿಗರಿ ಬಸ್ಸಿನಲ್ಲಿ ಕಾಲ ಕಳೆದವನು. ಮಗಳು ಬೆಂಗಳೂರಿಗೆ ನೌಕರಿಗೆ ಹೋಗುವಾಗ ಸ್ಕೂಟರನ್ನು ನನಗೆ ಒಪ್ಪಿಸಿ ಹೋದಳು, ಬೆಕ್ಕಿನ ಮರಿಯನ್ನು ಒಪ್ಪಿಸುವಂತೆ. ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರವೂ ಬೇಕು. ಅದನ್ನು ತಂದು, ಮುಂದಿನ ಬಾಗಿಲ ಕಟ್ಟೆಯ ಮೇಲೆ ಓದಲು ಕೂತೆ.

ಚಿಹ್ನೆಗಳಲ್ಲಿ ಆಕಾರವೇ ಅರ್ಧ ಉತ್ತರ. ದುಂಡಗಿನವು ಅಪ್ಪಣೆ, ತ್ರಿಕೋನಗಳು ಎಚ್ಚರಿಕೆ, ಆಯತಾಕಾರದವು ಮಾಹಿತಿ. ಎರಡು ದಿನ ಓದಿದ ಮೇಲೆ ಮನೆಯವರೆಲ್ಲ ಆಕಾರಗಳಾಗಿಯೇ ಕಾಣತೊಡಗಿದರು. "ಮೆಟ್ಟಿಲು ಜಾರುತ್ತದೆ", "ಮೋಡ ಕಟ್ಟಿದೆ, ಕೊಡೆ ಮರೆತೀಯೆ" ಎನ್ನುವ ನನ್ನ ಅವ್ವ ಅಪ್ಪಟ ತ್ರಿಕೋನ. ಹೆಂಡತಿ ವೃತ್ತ, ಅದರಲ್ಲೂ "ಹಾಲು ತನ್ನಿ" ಎಂದಾಗ ನೀಲಿ, "ಒದ್ದೆ ಕಾಲಲ್ಲಿ ಒಳಗೆ ಬರಬೇಡಿ" ಎಂದಾಗ ಕೆಂಪಂಚಿನದು. ಯಾರ ಮನೆಯಲ್ಲಿ ಗೃಹಪ್ರವೇಶ, ಯಾವ ಅಂಗಡಿಯಲ್ಲಿ ಜೋಳ ಅಗ್ಗ ಎಂದು ಕೇಳದೆಯೂ ತಿಳಿಸುವ ಪಕ್ಕದ ಮನೆಯವರು ಆಯತ. ಇದನ್ನು ಫೋನಿನಲ್ಲಿ ಹೇಳಿದಾಗ ಮಗಳು, "ಅಪ್ಪಾ, ನೀನು ತಲೆಕೆಳಗಾದ ತ್ರಿಕೋನ" ಎಂದಳು. ಪುಸ್ತಕ ತೆಗೆದು ನೋಡಿದೆ. ಆ ಆಕಾರದ್ದು ಒಂದೇ ಒಂದು ಚಿಹ್ನೆ ಇದೆ: ದಾರಿ ಬಿಡಿ.

ಕನ್ನಡ ಮೇಷ್ಟರಾದ ನನ್ನನ್ನು ಕೆಡವಿದ್ದು ಮಾತ್ರ ಕನ್ನಡವೇ. ಕೆಂಪಂಚಿನ ನೀಲಿ ವೃತ್ತಕ್ಕೆ ಒಂದು ಅಡ್ಡಗೆರೆ ಇದ್ದರೆ ವಾಹನ ನಿಲುಗಡೆ ನಿಷೇಧ. ಎರಡು ಗೆರೆ ಕತ್ತರಿಯಾಗಿ ಹಾಯ್ದರೆ ವಾಹನ ನಿಲ್ಲಿಸುವುದೇ ನಿಷೇಧ. ಧಾತು ಒಂದೇ, 'ನಿಲ್ಲು'. ಕೃದಂತದ ವ್ಯತ್ಯಾಸ ಎಂದು ತರಗತಿಯಲ್ಲಾದರೆ ದಾಟಿಸಬಹುದಿತ್ತು. ಇಲ್ಲಿ ಒಂದು, ಗಾಡಿ ಬಿಟ್ಟು ಪೇಢೆ ಕೊಳ್ಳಲು ಹೋಗಬೇಡ ಎನ್ನುತ್ತದೆ. ಇನ್ನೊಂದು, ಹೆಂಡತಿಯನ್ನು ಇಳಿಸುವಷ್ಟು ಹೊತ್ತೂ ನಿಲ್ಲಬೇಡ ಎನ್ನುತ್ತದೆ. ನಮ್ಮ ಮಾರುಕಟ್ಟೆಯ ರಸ್ತೆಗಳಲ್ಲಿ ಎರಡರ ಕೆಳಗೂ ಗಾಡಿಗಳು ಸಾಲಾಗಿ ನಿಂತಿರುವುದರಿಂದ ನೋಡಿ ಕಲಿಯುವ ದಾರಿಯೂ ಇರಲಿಲ್ಲ. ಹಾರ್ನ್ ನಿಷೇಧಕ್ಕೆ ಒಂದು ಚಿಹ್ನೆ, ಕಡ್ಡಾಯವಾಗಿ ಹಾರ್ನ್ ಮಾಡಿ ಎನ್ನುವುದಕ್ಕೆ ಇನ್ನೊಂದು ಇವೆಯೆಂದು ತಿಳಿದದ್ದೂ ಆಗಲೇ. ಎರಡನೆಯದಕ್ಕೆ ಹುಬ್ಬಳ್ಳಿಯಲ್ಲಿ ಫಲಕದ ಖರ್ಚೇ ಬೇಕಿಲ್ಲ.

ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಕೂತಾಗ ಬಲಗಡೆ ಇದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. "ನಮಸ್ಕಾರ ಸರ್" ಎಂದು ಎದ್ದೇ ನಿಂತಳು. ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸಿ ಎಂದು ಇಪ್ಪತ್ತೇಳು ವರ್ಷ ಹೇಳುತ್ತ ಬಂದಿದ್ದೇನೆ. ಪರದೆಯ ಮೇಲೆ ಕ್ಷಣಗಳು ಇಳಿಯುತ್ತಿದ್ದರೆ ಒಂದು ಸಲ ಓದುವುದೇ ಕಷ್ಟ. ಅವಳು ಮುಗಿಸಿ ಎದ್ದಳು. ನಾನು ಇನ್ನೂ ಒಂದು ಗೆರೆಯೋ ಎರಡು ಗೆರೆಯೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಅದು ತಪ್ಪಾಯಿತು. ಉಳಿದವು ಕೈಹಿಡಿದವು. ನೂರಕ್ಕೆ ಅರವತ್ತು ಸಾಕಾಗಿದ್ದ ಕಡೆ ಅದಕ್ಕಿಂತ ಬಹಳ ಮೇಲೆಯೇ ಬಂದಿದ್ದೆ.

ಮರಳಿ ಬರುವಾಗ ಅದೇ ಅಂಗಡಿಯಲ್ಲಿ ಎಲ್‌ಎಲ್‌ಆರ್ ಪ್ರತಿಯನ್ನು ಝೆರಾಕ್ಸ್ ಮಾಡಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಈ ಪರೀಕ್ಷೆಗೆ ಪ್ರಾಥಮಿಕ ಪರೀಕ್ಷೆ ಎಂದೇ ಹೆಸರು ಎಂದು ಹುಡುಗನಿಗೆ ಹೇಳಿದೆ. ಅವನ ಮುಖ ಅರಳಿತು.

"ಅಂದರೆ ಪ್ರಿಲಿಮ್ಸ್ ಆಯಿತು. ಮೇನ್ಸ್ ಯಾವಾಗ ಸರ್?"

"30 ದಿನ ಕಳೆಯಬೇಕು. ಗಾಡಿ ಓಡಿಸಿ ತೋರಿಸಬೇಕು."

"ಆರು ತಿಂಗಳು ಅವಧಿ ಇದೆಯಲ್ಲ" ಎಂದು ಕಾಗದದ ಮೇಲೆ ಬೆರಳಿಟ್ಟು ಸಮಾಧಾನ ಹೇಳಿ, ಕೆಂಪು ಅಕ್ಷರದ 'ಎಲ್' ಸ್ಟಿಕ್ಕರುಗಳನ್ನು ಎರಡು ಕೊಟ್ಟ. ಮುಂದೊಂದು, ಹಿಂದೊಂದು.