ಉಳಿದ 106 ಎಲ್ಲಿ?

ಇಂಟರ್ನೆಟ್ಟಿಗೆ ದುಡ್ಡು ಕೊಡುವುದು 200 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್) ವೇಗಕ್ಕೆ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಬರುವುದು 94. ಬೆಳಗ್ಗೆಯೂ 94, ನಡುರಾತ್ರಿಯೂ 94. ಉಳಿದ 106 ಯಾರ ಮನೆ ಪಾಲಾಯಿತೆಂದು ನನ್ನವಳು ಎದುರು ಫ್ಲ್ಯಾಟಿನವರನ್ನು ಗುಮಾನಿಯಿಂದ ನೋಡತೊಡಗಿದಳು.

"ಸಮುದ್ರಾತ್ಲೀ ಕೇಬಲ್ ತುಟ್ಲೀ ಅಸೇಲ್" (ಸಮುದ್ರದೊಳಗಿನ ಕೇಬಲ್ ತುಂಡಾಗಿರಬೇಕು) ಎಂದು ಸೊಸೈಟಿಯ ಸೆಕ್ರೆಟರಿ ಕಾಕಾ ತೀರ್ಪು ಕೊಟ್ಟರು. ತಾರಸಿಯ ಟ್ಯಾಂಕಿ ಸೋರುವುದು ಕಾಣದವರಿಗೆ ಅರಬ್ಬೀ ಸಮುದ್ರದ ತಳ ಮಾತ್ರ ನಿಚ್ಚಳ. ಕೇಬಲ್ ಹುಡುಗ ಬಂದು ರೌಟರ್ ಆಫ್ ಮಾಡಿ, ಆನ್ ಮಾಡಿ, ಚಹಾ ಕುಡಿದು, "ಅಬ್ ಚೆಕ್ ಕರೋ ಅಂಕಲ್" ಎಂದ. 94.

ಸುಳಿವಿದ್ದದ್ದು ಆ ಹಠದಲ್ಲೇ. ತೊಂದರೆ ಹೊರಗಿದ್ದರೆ ಅಂಕಿ ಏರಿಳಿಯಬೇಕಿತ್ತು. ಇಡೀ ಕಟ್ಟಡ ಕ್ರಿಕೆಟ್ ನೋಡುವ ಸಂಜೆ ಕುಸಿಯಬೇಕಿತ್ತು. ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರ ವಯರ್ ಚುಚ್ಚಿದರೂ ಅಷ್ಟೇ. ಲ್ಯಾನ್ ವಯರಿನೊಳಗೆ ಎಂಟು ತಂತಿ. ಎಂಟೂ ಗಟ್ಟಿಯಿದ್ದರೆ 1000 ಎಂಬಿಪಿಎಸ್ ಹಾಯುತ್ತದೆ. ಒಂದು ಕೈಕೊಟ್ಟರೆ, ಹೆಚ್ಚಾಗಿ, ಎರಡೂ ತುದಿಯ ಯಂತ್ರಗಳು ತಮ್ಮತಮ್ಮಲ್ಲೇ ರಾಜಿಯಾಗಿ, ನಾಲ್ಕೇ ತಂತಿಯಲ್ಲಿ 100ರ ಸಂಸಾರ ಹೂಡುತ್ತವೆ. ನಮಗೆ ಒಂದು ಮಾತು ಹೇಳುವುದಿಲ್ಲ. ಅದರಲ್ಲೂ ಮಾಹಿತಿಯ ಪ್ರತಿ ತುಣುಕಿನ ಮೇಲೆ ವಿಳಾಸ-ಗಿಳಾಸ ಬರೆದ ಖರ್ಚು ಕಳೆದರೆ ಕೈಗೆ ಬರುವುದು ಸುಮಾರು 94. ಎದುರು ಫ್ಲ್ಯಾಟಿನವರು ನಿರಪರಾಧಿಗಳು.

ಹೊರಗಿನ ಕೇಬಲ್ ಬಂದು ಸೇರುವ, ಬಾಗಿಲ ಬಳಿಯ ಫೈಬರ್ ಡಬ್ಬಿಯಿಂದ ರೌಟರಿನತ್ತ ವಯರನ್ನು ಸವರುತ್ತ ಹೋದೆ. ಮಾವ ಮದುವೆಗೆ ಕೊಟ್ಟ ಉಕ್ಕಿನ ಕಪಾಟಿನ ಕಾಲಡಿ ಅದು ಚಪ್ಪಟೆಯಾಗಿತ್ತು. ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಮುದ್ರದಡಿ ಓಡಿ, ಮುಂಬೈಯ ವರ್ಸೋವಾದಲ್ಲಿ ದಡ ಹತ್ತಿ ಬಂದ ಇಂಟರ್ನೆಟ್ಟು, ಕುಂದಾಪುರದ ಕಪಾಟಿನ ಕಾಲಿಗೆ ಬಿದ್ದಿತ್ತು!

ಹೊಸ ಲ್ಯಾನ್ ವಯರಿಗೆ (ಕ್ಯಾಟ್-6 ಎಂಬ ಬಗೆ) ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೇ ಹೋದೆ. (ಡೊಂಬಿವಲಿ ಸ್ಟೇಷನ್ ಎದುರೂ ಸಿಗುತ್ತದೆ. ಆದರೆ ಲ್ಯಾಮಿಂಗ್ಟನ್ ರೋಡಿಗೆ ಹೋಗಲು ನೆಪ ಬೇಡವೇ?) ಕಪಾಟನ್ನು ಸರಿಸಲು ಮೊದಲು ಸೀರೆಗಳನ್ನೆಲ್ಲ ಇಳಿಸಬೇಕಾಯಿತು. ಯಾವ ಸೀರೆ ಯಾರು ಕೊಟ್ಟದ್ದೆಂಬ ವಿವರಣೆ ಮುಗಿಯುವಷ್ಟರಲ್ಲಿ ಸಂಜೆ.

ಹೊಸ ವಯರ್ ಹಾಕಿದ್ದೇ ಅಂಕಿ 190 ದಾಟಿತು! ಅದೇ ಸಂಭ್ರಮದಲ್ಲಿ ಅತ್ತೆಗೆ ವಿಡಿಯೋ ಕಾಲ್. ಊರಿನ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಬಳಿ ಮಾತ್ರ, ಅವರು ಅಡುಗೆಮನೆಯಲ್ಲಿದ್ದರು. ಕಪಾಟಿನ ಕಥೆ ಅರ್ಧ ಕೇಳಿ, ಬಾಯಿ ತೆರೆದಲ್ಲೇ ಚಿತ್ರವಾಗಿ ನಿಂತರು. ಬಹಳ ಹೊತ್ತಿನ ಮೇಲೆ ದನಿ ಬಂತು:

"ಕಪಾಟು ಅಲ್ಲಾಡ್ಸಿದ್ರಿಯಾ? ಅದ್ಕೇ ಕಾಣಿ, ನಿಮ್ಮ ನೆಟ್ಟು ಹಾಳಾದ್ದು!"